ಕಾರಿಗೆ ಅಲ್ಯೂಮಿನಿಯಂ ಸ್ಪೋರ್ಟ್ಸ್ ಪೆಡಲ್: ಮನೆಯಲ್ಲೇ ಕೂರಿಸುವ ಸರಿಯಾದ ವಿಧಾನ

ಬೆಂಗಳೂರಿನ ಜೆ.ಸಿ. ರಸ್ತೆಯ ಆಕ್ಸೆಸರಿ ಅಂಗಡಿಗಳಲ್ಲಿ ಸ್ಪೋರ್ಟ್ಸ್ ಪೆಡಲ್, ಅಂದರೆ ಪೆಡಲಿನ ಮೇಲೆ ಕೂರುವ ಲೋಹದ ಪ್ಯಾಡ್, ಕೇಳಿದರೆ ಸಾಮಾನ್ಯವಾಗಿ ಮೊದಲು ಕೈಗೆ ಬರುವುದು ಹಿಂದೆ ಕ್ಲ್ಯಾಂಪ್ ಇರುವ ಯೂನಿವರ್ಸಲ್ ಸೆಟ್. ಹಳೆಯ ರಬ್ಬರಿನ ಮೇಲೆಯೇ ಇಟ್ಟು, ಪಕ್ಕದ ಸ್ಕ್ರೂ ತಿರುಗಿಸಿದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನೋಡಲೂ ಚೆನ್ನಾಗಿರುತ್ತದೆ. ಆದರೆ ಬ್ರೇಕ್ ಪೆಡಲ್‌ಗೆ ಅದನ್ನು ಹಾಕಬೇಡಿ. ರಬ್ಬರ್ ದಿನ ಕಳೆದಂತೆ ಒತ್ತಡಕ್ಕೆ ಕುಗ್ಗುತ್ತದೆ, ಅದು ಕುಗ್ಗಿದಷ್ಟೂ ಕ್ಲ್ಯಾಂಪಿನ ಹಿಡಿತ ಸಡಿಲವಾಗುತ್ತದೆ. ಸಿಲ್ಕ್ ಬೋರ್ಡಿನ ಟ್ರಾಫಿಕ್‌ನಲ್ಲಿ ಮೆಲ್ಲಗೆ ಒತ್ತುವಾಗ ಇದು ಗೊತ್ತೇ ಆಗುವುದಿಲ್ಲ. ಗಾಬರಿಯಲ್ಲಿ ತುಳಿದಾಗ ಪೆಡಲಿನ ಮೇಲೆ 50 ಕೆ.ಜಿ.ಯಷ್ಟು ಭಾರ ಸುಲಭವಾಗಿ ಬೀಳುತ್ತದೆ, ಅದೂ ನೇರವಾಗಿ ಅಲ್ಲ, ಓರೆಯಾಗಿ. ಪ್ಯಾಡ್ ಪಕ್ಕಕ್ಕೆ ಜಾರುವುದು ಆಗ.

ಹಾಗಾಗಿ ಈ ಕೆಲಸದಲ್ಲಿ ಹೊಳಪು, ಬಣ್ಣ, ಬ್ರ್ಯಾಂಡು ಎಲ್ಲ ಆಮೇಲಿನ ಮಾತು. ಪ್ಯಾಡು ಪೆಡಲಿನ ಮೇಲೆ ಒಂದು ಮಿ.ಮೀ. ಕೂಡ ಅಲುಗಾಡಬಾರದು, ಮತ್ತು ಮೂರು ಪೆಡಲ್‌ಗಳ ನಡುವಿನ ಅಂತರ, ಎತ್ತರ ಕಂಪನಿ ಕೊಟ್ಟಂತೆಯೇ ಉಳಿಯಬೇಕು. ಇವೆರಡನ್ನು ಸಾಧಿಸಲಾಗದಿದ್ದರೆ ಹಳೆಯ ರಬ್ಬರೇ ವಾಸಿ.

ಯಾವ ಸೆಟ್ ಕೊಳ್ಳಬೇಕು

ಮಾರುಕಟ್ಟೆಯಲ್ಲಿ ಮೂರು ಬಗೆ ಸಿಗುತ್ತವೆ. ಒಂದು, ಈಗ ಹೇಳಿದ ಕ್ಲ್ಯಾಂಪಿನದು. ಎರಡನೆಯದು, ನಿಮ್ಮ ಕಾರಿನ ಮಾಡೆಲ್‌ಗೆಂದೇ ಅಚ್ಚು ಹಾಕಿದ ಕವರ್: ಮುಂದೆ ಲೋಹದ ತಗಡು, ಸುತ್ತ ರಬ್ಬರಿನ ತುಟಿ. ಹಳೆಯ ರಬ್ಬರ್ ಕಿತ್ತು ಅದರ ಜಾಗಕ್ಕೆ ಇದನ್ನು ತೊಡಿಸುವುದು. ಮೂರನೆಯದು, ಪೆಡಲಿನ ತಟ್ಟೆಗೆ ತೂತು ಕೊರೆದು ಬೋಲ್ಟ್ ಹಾಕುವ ಪ್ಯಾಡ್.

ನಿಮ್ಮ ಮಾಡೆಲ್‌ಗೆ ಎರಡನೇ ಬಗೆ ಸಿಗುತ್ತದೆ ಎಂದಾದರೆ ಯೋಚಿಸುವುದೇ ಬೇಡ, ಅದನ್ನೇ ಕೊಳ್ಳಿ. ಅದರ ತಗಡು ಹೆಚ್ಚಾಗಿ ಅಲ್ಯೂಮಿನಿಯಂ ಅಲ್ಲ, ಸ್ಟೇನ್‌ಲೆಸ್ ಸ್ಟೀಲ್ ಆಗಿರುತ್ತದೆ. ಅದರಿಂದ ನಷ್ಟವೇನಿಲ್ಲ. ಸಿಗದಿದ್ದರೆ ಬ್ರೇಕ್, ಕ್ಲಚ್‌ಗೆ ಬೋಲ್ಟಿನ ಪ್ಯಾಡ್ ಕೊಳ್ಳಬಹುದು. ಆಗ ಪೆಟ್ಟಿಗೆಯ ಮೇಲಿನ ಚಿತ್ರ ಬಿಟ್ಟು ಪ್ಯಾಡನ್ನೇ ಕೈಯಲ್ಲಿ ಹಿಡಿದು ನೋಡಿ. ದಪ್ಪ 4ರಿಂದ 6 ಮಿ.ಮೀ. ಇರಲಿ. ಅಯಸ್ಕಾಂತ ಅಂಟಬಾರದು. ಕ್ರೋಮ್ ಬಳಿದ ಪ್ಲಾಸ್ಟಿಕ್‌ಗೂ ಅಯಸ್ಕಾಂತ ಅಂಟುವುದಿಲ್ಲವಾದ್ದರಿಂದ ತೂಕವನ್ನೂ ಗಮನಿಸಿ: 100 × 60 × 5 ಮಿ.ಮೀ. ಅಳತೆಯ ಗಟ್ಟಿ ಅಲ್ಯೂಮಿನಿಯಂ ತುಂಡು ಸುಮಾರು 80 ಗ್ರಾಂ ತೂಗುತ್ತದೆ, ಅದೇ ಅಳತೆಯ ಸ್ಟೀಲು 235 ಗ್ರಾಂ ಮೇಲೆ.

ಮೇಲ್ಮೈಯಲ್ಲಿ ರಬ್ಬರ್ ಗುಂಡಿಗಳಿರಬೇಕು, ಅವು ಲೋಹಕ್ಕಿಂತ 2–3 ಮಿ.ಮೀ. ಮೇಲೆದ್ದಿರಬೇಕು, ಮತ್ತು ಹಿಂದಿನಿಂದ ತೂರಿಸಿ ಕೂರಿಸಿದ್ದಾಗಿರಬೇಕು. ಮುಂದಿನಿಂದ ಗೋಂದಿನಲ್ಲಿ ಅಂಟಿಸಿದ ಗುಂಡಿಗಳು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಉದುರುತ್ತವೆ. ಬರೀ ತೂತು ಕೊರೆದ ನುಣುಪು ಅಲ್ಯೂಮಿನಿಯಂ ಪ್ಯಾಡು ರೇಸ್ ಟ್ರ್ಯಾಕಿನಲ್ಲಿ ಒಣ ಶೂಗೆ ಸರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒದ್ದೆ ಚಪ್ಪಲಿಯಲ್ಲಿ ಕಾರು ಹತ್ತುವ ಊರಿಗೆ ಅಲ್ಲ.

ಆನ್‌ಲೈನಲ್ಲಿ ತರಿಸುವವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಅಲ್ಲಿ ಸಿಗುವ ಎಷ್ಟೋ ಸೆಟ್‌ಗಳು ಎಡಗಡೆ ಸ್ಟೀರಿಂಗ್ ಇರುವ ಕಾರಿಗೆ ಮಾಡಿದವು. ಕ್ಲಚ್, ಬ್ರೇಕ್, ಆಕ್ಸಿಲರೇಟರ್‌ಗಳ ಕ್ರಮ ಎರಡು ಕಡೆಯೂ ಒಂದೇ, ಹಾಗಾಗಿ ಕ್ಲಚ್ ಮತ್ತು ಬ್ರೇಕ್ ಪ್ಯಾಡು ಹೊಂದುತ್ತದೆ. ಎಡವಟ್ಟಾಗುವುದು ಎರಡು ತುದಿಗಳಲ್ಲಿ. ನಮ್ಮ ಕಾರಿನಲ್ಲಿ ಎಡಗಾಲು ಇಡುವ ಡೆಡ್ ಪೆಡಲ್ ಇರುವುದು ನಡುವಿನ ಕನ್ಸೋಲಿನ ಪಕ್ಕ, ಅವರಲ್ಲಿ ಚಕ್ರದ ಉಬ್ಬಿನ ಮೇಲೆ, ಆಕಾರವೇ ಬೇರೆ. ಆಕ್ಸಿಲರೇಟರಿನ ಬಲಕ್ಕೆ ಅವರಲ್ಲಿ ಕನ್ಸೋಲ್, ನಮ್ಮಲ್ಲಿ ಚಕ್ರದ ಉಬ್ಬು. ಬಲಕ್ಕೆ ಚಾಚಿದ ಅಗಲದ ಪ್ಯಾಡು ಆ ಉಬ್ಬಿನ ಕಾರ್ಪೆಟ್‌ಗೆ ಉಜ್ಜುತ್ತದೆ.

ನಟ್ಟು, ಬೋಲ್ಟು, ಸಾಮಾನು

ಸೆಟ್ಟಿನ ಜೊತೆ ಬರುವ ಸ್ಕ್ರೂಗಳನ್ನು ನಂಬಬೇಡಿ, ಹೆಚ್ಚಿನವು ಮೆದು ಉಕ್ಕಿನವು, ಅಲೆನ್ ಕೀಲಿ ಎರಡು ಸಲ ತಿರುಗಿಸಿದರೆ ತಲೆ ಸವೆದು ದುಂಡಗಾಗುತ್ತದೆ. ಎಸ್.ಪಿ. ರಸ್ತೆ, ಎಸ್.ಜೆ.ಪಿ. ರಸ್ತೆಯ ಸುತ್ತಮುತ್ತ ಬಿಡಿಬಿಡಿಯಾಗಿ ಒಳ್ಳೆಯ ಬೋಲ್ಟ್ ಸಿಗುತ್ತದೆ. ಭಾನುವಾರ ಬಹುತೇಕ ಬಾಗಿಲು ಹಾಕಿರುತ್ತವೆ, ಶನಿವಾರವೇ ಹೋಗಿ. ಕಾರು ಒಯ್ದರೆ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ, ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ಇಲ್ಲವೇ ಚಿಕ್ಕಪೇಟೆಯಲ್ಲಿ ಇಳಿದು ನಡೆಯುವುದು ಮೇಲು.

ಕೇಳಬೇಕಾದದ್ದು: ಎಂ5 (5 ಮಿ.ಮೀ. ದಪ್ಪದ) ಸ್ಟೇನ್‌ಲೆಸ್ ಸ್ಟೀಲ್ ಅಲೆನ್ ಬೋಲ್ಟ್, 304 ದರ್ಜೆ, ತಲೆಯ ಮೇಲೆ ‘ಎ2-70’ ಗುರುತು ಇದ್ದರೆ ಒಳ್ಳೆಯದು. ಪ್ಯಾಡಿನ ತೂತು ಇಳಿಜಾರಾಗಿ ಕೊರೆದಿದ್ದರೆ ಕೌಂಟರ್‌ಸಂಕ್ ತಲೆ, ಸಮತಟ್ಟಾಗಿದ್ದರೆ ಬಟನ್ ತಲೆ. ಎರಡಕ್ಕೂ 3 ಮಿ.ಮೀ. ಅಲೆನ್ ಕೀಲಿ ಸಾಕು. ಜೊತೆಗೆ ಎಂ5 ನೈಲಾಕ್ ನಟ್ಟು, ಅಂದರೆ ಸಡಿಲವಾಗದಂತೆ ಒಳಗೆ ನೈಲಾನ್ ಉಂಗುರ ಇರುವುದು (8 ಮಿ.ಮೀ. ಸ್ಪ್ಯಾನರ್) ಮತ್ತು ವಾಷರ್. ಬ್ರೇಕಿಗೆ ನಾಲ್ಕು, ಕ್ಲಚ್‌ಗೆ ಮೂರು ಬೇಕು. ಹನ್ನೆರಡು ತನ್ನಿ, ಒಂದೆರಡು ಕಾರ್ಪೆಟ್ ಕೆಳಗೆ ಕಾಣೆಯಾಗುವುದು ಖಚಿತ.

ಬೋಲ್ಟಿನ ಉದ್ದವನ್ನು ಅಂದಾಜಿನ ಮೇಲೆ ಕೊಳ್ಳಬೇಡಿ. ಪ್ಯಾಡ್ 5, ಪೆಡಲಿನ ತಟ್ಟೆ 3, ವಾಷರ್ 1, ನೈಲಾಕ್ ನಟ್ಟು 5, ಅದರಾಚೆ ಎರಡು ಎಳೆ ಅಂದರೆ 1.6, ಒಟ್ಟು 15.6 ಮಿ.ಮೀ. ಹಾಗಾದರೆ 16ರ ಬೋಲ್ಟ್. ಕೌಂಟರ್‌ಸಂಕ್ ಬೋಲ್ಟಿನ ಉದ್ದವನ್ನು ತಲೆ ಸೇರಿಸಿಯೇ ಅಳೆಯುತ್ತಾರೆ, ಬಟನ್ ತಲೆಯದನ್ನು ತಲೆ ಬಿಟ್ಟು. 25ರದ್ದು ಹಾಕಿ ಬಾಲ ಹಾಗೇ ಬಿಟ್ಟರೆ ಪೆಡಲ್ ಕೆಳಗೆ ಹೋದಾಗ ಅದು ಕಾರ್ಪೆಟ್‌ಗೆ ಚುಚ್ಚಿ ಸಿಕ್ಕಿಕೊಳ್ಳುತ್ತದೆ.

ಇವಲ್ಲದೆ 12 ವೋಲ್ಟಿನ ಚಿಕ್ಕ ಬ್ಯಾಟರಿ ಡ್ರಿಲ್, 3 ಮತ್ತು 5.3 ಅಥವಾ 5.5 ಮಿ.ಮೀ. ಎಚ್‌ಎಸ್‌ಎಸ್ ಬಿಟ್, ಸೆಂಟರ್ ಪಂಚ್ (ತೂತಿನ ಜಾಗಕ್ಕೆ ಚುಕ್ಕೆ ಒತ್ತುವ ಚೂಪು ಉಕ್ಕಿನ ಕಡ್ಡಿ), ಚಿಕ್ಕ ಸುತ್ತಿಗೆ, ದುಂಡು ಅರ, ಮರದ ಎರಡು ತುಂಡು, ಮಾಸ್ಕಿಂಗ್ ಟೇಪ್, ಜಿಂಕ್ ಸ್ಪ್ರೇ, ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಅಯಸ್ಕಾಂತ, ವ್ಯಾಕ್ಯೂಮ್ ಕ್ಲೀನರ್, ಕಣ್ಣಿಗೆ ಕನ್ನಡಕ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಮಾಡುವುದಾದರೆ ತಲೆಗೆ ಕಟ್ಟುವ ಲೈಟ್ ಬೇಕೇ ಬೇಕು.

ಮೊದಲು ಅಳತೆ

ಏನನ್ನೂ ಬಿಚ್ಚುವ ಮೊದಲು ನಾಲ್ಕು ಅಳತೆ ಬರೆದಿಟ್ಟುಕೊಳ್ಳಿ: ಬ್ರೇಕ್ ಮತ್ತು ಆಕ್ಸಿಲರೇಟರ್ ನಡುವಿನ ಅಡ್ಡ ಅಂತರ, ಬ್ರೇಕ್ ಮತ್ತು ಕ್ಲಚ್ ನಡುವಿನದು, ಆಕ್ಸಿಲರೇಟರಿಗಿಂತ ಬ್ರೇಕ್ ಎಷ್ಟು ಮೇಲಿದೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಅದರ ಕೆಳತುದಿಗೂ ಮ್ಯಾಟಿಗೂ ಎಷ್ಟು ಜಾಗ.

ಮೂರನೆಯ ಅಳತೆಯನ್ನು ಬಹಳ ಜನ ಮರೆಯುತ್ತಾರೆ. ಬ್ರೇಕಿನ ರಬ್ಬರ್ ತೆಗೆದರೆ 5–6 ಮಿ.ಮೀ. ಕಡಿಮೆಯಾಗುತ್ತದೆ, ಹೊಸ ಪ್ಯಾಡ್ ಗುಂಡಿಗಳ ಸಮೇತ 7–8 ಸೇರುತ್ತದೆ. ಹೆಚ್ಚಾಗುವುದು ಒಂದೆರಡು ಮಿ.ಮೀ. ಅಷ್ಟೇ. ಆಕ್ಸಿಲರೇಟರಿನಲ್ಲಿ ತೆಗೆಯಲು ರಬ್ಬರೇ ಇರುವುದಿಲ್ಲ, ಪ್ಯಾಡ್ ಪ್ಲಾಸ್ಟಿಕ್ಕಿನ ಮೇಲೆ ಕೂತು ಪೂರಾ 7–8 ಏರುತ್ತದೆ. ಅಂದರೆ ಎರಡರ ನಡುವಿನ ಮೆಟ್ಟಿಲು 5–6 ಮಿ.ಮೀ. ಕುಗ್ಗಿತು. ಅಗಲದ ಶೂ ಹಾಕಿ ಜೋರಾಗಿ ಬ್ರೇಕ್ ತುಳಿದಾಗ ಶೂವಿನ ಅಂಚು ಆಕ್ಸಿಲರೇಟರನ್ನೂ ಒತ್ತಲು ಇಷ್ಟು ಸಾಕು. ಹೀಲ್ ಅಂಡ್ ಟೋ, ಅಂದರೆ ಒಂದೇ ಪಾದದಲ್ಲಿ ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡನ್ನೂ ಒತ್ತುವ ರೇಸಿಂಗ್ ಚಾಲನೆ, ಮಾಡುವವರು ಬೇಕೆಂದೇ ಹೀಗೆ ಹೊಂದಿಸಿಕೊಳ್ಳುತ್ತಾರೆ. ದಿನವೂ ಔಟರ್ ರಿಂಗ್ ರೋಡಿನಲ್ಲಿ ಓಡಾಡುವ, ಮನೆಯ ಮೂವರು ಓಡಿಸುವ ಕಾರಿಗೆ ಅದು ಬೇಡ. ಆಕ್ಸಿಲರೇಟರಿಗೆ ಸಾಧ್ಯವಾದಷ್ಟು ತೆಳು ಪ್ಯಾಡ್ ಆರಿಸಿ. ಅಗಲದಲ್ಲೂ ಅಷ್ಟೇ: ಹೊಸ ಪ್ಯಾಡು ಹಳೆಯದರ ಅಂಚಿನಾಚೆ 3 ಮಿ.ಮೀ.ಗಿಂತ ಹೆಚ್ಚು ಚಾಚಬಾರದು, ಆಕ್ಸಿಲರೇಟರ್ ಕಡೆಗಂತೂ ಚಾಚಲೇಬಾರದು.

ಕವರ್ ತೊಡಿಸುವುದು

ಹಳೆಯ ರಬ್ಬರನ್ನು ಒಂದು ಮೂಲೆಯಿಂದ ಹೆಬ್ಬೆರಳಲ್ಲಿ ಮಡಿಸಿ ಎಳೆದರೆ ಬರುತ್ತದೆ. ಸ್ಕ್ರೂಡ್ರೈವರ್ ಹಾಕಿದರೆ ತುಟಿ ಹರಿಯುತ್ತದೆ, ಆ ರಬ್ಬರ್ ಮುಂದೆ ಬೇಕಾಗುತ್ತದೆ. ತಟ್ಟೆಯ ಮೇಲಿನ ಧೂಳನ್ನು ಆಲ್ಕೊಹಾಲಿನಲ್ಲಿ ಒರೆಸಿ. ಹೊಸ ಕವರನ್ನು ಐದು ನಿಮಿಷ ಬಿಸಿನೀರಿನಲ್ಲಿ ಅದ್ದಿಟ್ಟರೆ ರಬ್ಬರ್ ಮೆತ್ತಗಾಗುತ್ತದೆ. ಮೇಲಿನ ಎರಡು ಮೂಲೆ ಮೊದಲು ಸಿಕ್ಕಿಸಿ, ಕೆಳಕ್ಕೆ ಎಳೆದು ಕೊನೆಯ ಮೂಲೆಯನ್ನು ತುದಿ ಮೊಂಡಾದ ಚಮಚದ ಹಿಡಿಯಿಂದ ಒಳಗೆ ತಳ್ಳಿ. ಜಾರಲು ಸೋಪಿನ ನೀರು ಸಾಕು, ಅದು ಆರಿ ಹೋಗುತ್ತದೆ. ಡಬ್ಲ್ಯುಡಿ-40, ಸಿಲಿಕೋನ್ ಸ್ಪ್ರೇ, ತೆಂಗಿನೆಣ್ಣೆ ಯಾವುದನ್ನೂ ಹಚ್ಚಬೇಡಿ. ಎಣ್ಣೆ ಒಳಗೇ ಉಳಿದು ಕವರ್ ಸುತ್ತುತ್ತದೆ.

ಆಮೇಲೆ ಕನ್ನಡಿಯನ್ನೋ ಫೋನ್ ಕ್ಯಾಮೆರಾವನ್ನೋ ಪೆಡಲಿನ ಹಿಂದೆ ಹಿಡಿದು ನೋಡಿ. ತುಟಿ ನಾಲ್ಕೂ ಕಡೆ ತಟ್ಟೆಯ ಹಿಂದಕ್ಕೆ ಮಡಿದಿರಬೇಕು. ಮುಂದಿನಿಂದ ಸರಿಯಾಗಿ ಕಂಡರೂ ಹಿಂದೆ ಒಂದು ಮೂಲೆ ಮಡಿಯದೆ ಅಂಚಿನ ಮೇಲೆ ಕೂತಿರುವುದು ಈ ಬಗೆಯಲ್ಲಿ ಪದೇ ಪದೇ ಆಗುವ ತಪ್ಪು.

ಕೊರೆದು ಕೂರಿಸುವುದು

ಮೊದಲು ಪೆಡಲಿನ ತಟ್ಟೆಗೆ ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅದು ಬಹುಶಃ ಪ್ಲಾಸ್ಟಿಕ್ ಅಥವಾ ಕಾಂಪೋಸಿಟ್ (ನಾರು ಬೆರೆಸಿದ ಪ್ಲಾಸ್ಟಿಕ್). ಇತ್ತೀಚಿನ ಹಲವು ಕಾರುಗಳಲ್ಲಿ ಕ್ಲಚ್ ಪೆಡಲ್ ಹೀಗಿರುತ್ತದೆ. ಅದನ್ನು ಕೊರೆಯಬೇಡಿ, ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ.

ಪ್ಯಾಡನ್ನು ತಟ್ಟೆಯ ಮೇಲೆ ಇಟ್ಟು ಒತ್ತಿ, ನಾಲ್ಕು ಮೂಲೆ ತಟ್ಟಿ ನೋಡಿ. ಬಹಳಷ್ಟು ಬ್ರೇಕ್ ತಟ್ಟೆಗಳು ನಡುವೆ ಸ್ವಲ್ಪ ಉಬ್ಬಿರುತ್ತವೆ, ಚಪ್ಪಟೆ ಪ್ಯಾಡು ಅವುಗಳ ಮೇಲೆ ತೂಗಾಡುತ್ತದೆ. ಬೋಲ್ಟ್ ಬಿಗಿದರೆ ಸರಿಹೋಗುತ್ತದೆ ಎಂದು ಬಿಗಿದರೆ ಪ್ಯಾಡು ಬಾಗಿ ಅದರ ಮೇಲಿನ ಆನೋಡೈಸ್ ಎಂಬ ಗಟ್ಟಿ ರಕ್ಷಣಾ ಪದರ ಬಿರಿಯುತ್ತದೆ. ಸಂದಿಯಲ್ಲಿ ರಬ್ಬರ್ ತುಂಡು ತುರುಕುವುದೂ ಪರಿಹಾರವಲ್ಲ, ಅದೂ ಕ್ಲ್ಯಾಂಪಿನ ಕಥೆಯೇ. ಪ್ರತಿ ಬೋಲ್ಟಿನ ಸುತ್ತ ಸಂದಿಯಷ್ಟೇ ದಪ್ಪದ ಲೋಹದ ವಾಷರ್ ಕೊಟ್ಟು ತುಂಬಿ. ಬೋಲ್ಟಿನ ಉದ್ದವನ್ನು ಆಮೇಲೆ ಮತ್ತೆ ಲೆಕ್ಕ ಹಾಕಿ.

ತೂತಿನ ಜಾಗ ಗುರುತಿಸುವಾಗ ತಟ್ಟೆಯ ಹಿಂಬದಿ ನೋಡದೆ ಪಂಚ್ ಹೊಡೆಯಬೇಡಿ. ಪೆಡಲಿನ ತೋಳು ತಟ್ಟೆಗೆ ಬೆಸುಗೆಯಾಗಿರುವುದು ಅಲ್ಲೇ. ಬೆಸುಗೆಯನ್ನು ಕೊರೆಯುವಂತಿಲ್ಲ, ತೂತಿನ ನಡುಬಿಂದು ಅದರಿಂದ ಕನಿಷ್ಠ 8 ಮಿ.ಮೀ. ದೂರ ಇದ್ದರೆ ಮಾತ್ರ 10 ಮಿ.ಮೀ. ವಾಷರ್ ಸಮತಟ್ಟಾಗಿ ಕೂರುತ್ತದೆ. ತಟ್ಟೆಯ ಹೊರ ಅಂಚಿನಿಂದ 10 ಮಿ.ಮೀ. ಒಳಗಿರಲಿ. ಈ ಎರಡರ ನಡುವೆ ನಾಲ್ಕು ಬೋಲ್ಟಿಗೆ ಜಾಗ ಸಿಗದಿದ್ದರೆ ಮೂರು, ಆದರೆ ತ್ರಿಕೋನದಲ್ಲಿ. ಒಂದೇ ಸಾಲಿನ ಎರಡು ಬೋಲ್ಟಿನ ಮೇಲೆ ಬ್ರೇಕ್ ಪ್ಯಾಡು ನಿಲ್ಲಬಾರದು.

ಈಗ ಪೆಡಲನ್ನು ಅಲುಗದಂತೆ ನಿಲ್ಲಿಸುವುದು. ಎಂಜಿನ್ ಆಫ್ ಮಾಡಿದ ಮೇಲೂ ಬ್ರೇಕ್ ಬೂಸ್ಟರಿನಲ್ಲಿ (ಪೆಡಲ್ ಹಗುರವಾಗಿ ಒತ್ತಲು ನೆರವಾಗುವ ಭಾಗ) ವ್ಯಾಕ್ಯೂಮ್ ಉಳಿದಿರುತ್ತದೆ, ಡ್ರಿಲ್ ಒತ್ತಿದರೆ ಪೆಡಲ್ ಕೆಳಗೆ ಕುಸಿಯುತ್ತದೆ. ನಾಲ್ಕೈದು ಸಲ ತುಳಿದು ವ್ಯಾಕ್ಯೂಮ್ ಖಾಲಿ ಮಾಡಿ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕ್ಲಚ್‌ಗೆ ಈ ಉಪಾಯ ನಡೆಯುವುದಿಲ್ಲ, ತಟ್ಟೆಯ ಹಿಂದೆ ಮರದ ತುಂಡು ಕೊಟ್ಟು ನೆಲಕ್ಕೆ ಆನಿಸಿ. ಬ್ರೇಕಿನ ಹಿಂದೆಯೂ ಒಂದು ತುಂಡು ಇರಲಿ. ಬಿಟ್ ತಟ್ಟೆ ದಾಟಿ ಚಿಮ್ಮಿದಾಗ ಕಾರ್ಪೆಟ್, ವೈರ್‌ಗಳಿಗೆ ಹೋಗದೆ ಮರಕ್ಕೆ ಹೋಗಬೇಕು. ಪೆಡಲಿನ ಮೇಲ್ತುದಿಯಲ್ಲಿ ಬ್ರೇಕ್ ಲೈಟ್ ಸ್ವಿಚ್ ಇರುತ್ತದೆ, ಕ್ಲಚ್‌ನಲ್ಲಿ ಸ್ಟಾರ್ಟ್ ಸ್ವಿಚ್. ತಲೆ ಒಳಗೆ ಹಾಕಿ ಕೆಲಸ ಮಾಡುವಾಗ ಅವಕ್ಕೆ ಕೈ ತಾಗದಿರಲಿ.

ಪ್ಯಾಡನ್ನು ಡಬಲ್ ಟೇಪಿನಿಂದ ತಾತ್ಕಾಲಿಕವಾಗಿ ಅಂಟಿಸಿ, ಅದರ ತೂತಿನ ಮೂಲಕ ಪಂಚ್ ಹೊಡೆಯಿರಿ. ಎಲ್ಲ ತೂತನ್ನೂ ಒಟ್ಟಿಗೆ ಕೊರೆಯಬೇಡಿ, ಒಂದಾದರೂ ಸರಿಯುತ್ತದೆ. ಮೊದಲು ಒಂದು ತೂತು: 3ರ ಬಿಟ್ಟಿನಲ್ಲಿ ದಾರಿ, ಆಮೇಲೆ 5.3. ವೇಗ ಕಡಿಮೆ, ಒಂದು ಹನಿ ಎಣ್ಣೆ. ಬೋಲ್ಟ್ ಹಾಕಿ ಕೈಬಿಗಿ ಮಾಡಿ, ಪ್ಯಾಡ್ ನೇರ ಮಾಡಿಕೊಂಡು ಕರ್ಣದ ಮೂಲೆಯ ಎರಡನೇ ತೂತು. ಅದಕ್ಕೂ ಬೋಲ್ಟ್, ಆಮೇಲೆ ಉಳಿದವು.

ಎಲ್ಲ ಬಿಚ್ಚಿ ತೂತಿನ ಅಂಚು ಅರದಿಂದ ನುಣುಪು ಮಾಡಿ, ಎಣ್ಣೆಯನ್ನು ಆಲ್ಕೊಹಾಲಿನಲ್ಲಿ ಪೂರಾ ಒರೆಸಿ, ಬರಿದಾದ ಉಕ್ಕಿಗೆ ಜಿಂಕ್ ಸ್ಪ್ರೇ ಹೊಡೆದು ಒಣಗಲು ಬಿಡಿ. ಒದ್ದೆ ಶೂವಿನ ನೀರು ಅಲ್ಯೂಮಿನಿಯಂ ಮತ್ತು ಉಕ್ಕಿನ ನಡುವೆ ನಿಂತರೆ ಅಲ್ಯೂಮಿನಿಯಂ ಬೇಗ ತುಕ್ಕು ಹಿಡಿದಂತೆ ಸವೆಯುತ್ತದೆ, ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಈ ಒಂದು ಪದರ ಅದನ್ನು ಸಾಕಷ್ಟು ಮುಂದೂಡುತ್ತದೆ. ಉಕ್ಕಿನ ಚೂರನ್ನು ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಎತ್ತಿ, ಉಳಿದದ್ದಕ್ಕೆ ವ್ಯಾಕ್ಯೂಮ್ ಕ್ಲೀನರ್.

ಬಿಗಿಯುವಾಗ ಎಂ5ಗೆ 4 ನ್ಯೂಟನ್ ಮೀಟರ್ ಸಾಕು. ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ಬಿಗಿದಿದೆ ಎಂದು ತೋರಿಸುವ ಸ್ಪ್ಯಾನರ್) ಇಲ್ಲದಿದ್ದರೆ ಅಲೆನ್ ಕೀಲಿಯ ಉದ್ದ ತೋಳಿನ ತುದಿಯನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಎಳೆದಷ್ಟು. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನೈಲಾಕನ್ನು ಡ್ರಿಲ್ಲಿನ ವೇಗದಲ್ಲಿ ತಿರುಗಿಸಿದರೆ ಎಳೆಗಳು ಒಂದಕ್ಕೊಂದು ಕಚ್ಚಿ ಬೆಸೆದುಕೊಳ್ಳುತ್ತವೆ, ಆಮೇಲೆ ಕತ್ತರಿಸಬೇಕಾಗುತ್ತದೆ. ಕೈಯಲ್ಲೇ, ನಿಧಾನ. ಒಮ್ಮೆ ಬಿಚ್ಚಿದ ನೈಲಾಕನ್ನು ಬ್ರೇಕಿಗೆ ಮತ್ತೆ ಹಾಕಬೇಡಿ.

ಆಕ್ಸಿಲರೇಟರ್

ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್‌ಗೆ ಕೇಬಲ್ ಇಲ್ಲ, ಪೆಡಲ್ ಮತ್ತು ಸೆನ್ಸರ್ ಸೇರಿ ಒಂದೇ ಪ್ಲಾಸ್ಟಿಕ್ ಘಟಕ. ಮಾಡೆಲ್‌ಗೆ ಹೊಂದುವ, ಕೊಕ್ಕೆಯಿಂದ ಕೂರುವ ಕವರ್ ಸಿಕ್ಕಿದರೆ ಹಾಕಿ, ಇಲ್ಲದಿದ್ದರೆ ಅದೊಂದನ್ನು ಹಾಗೇ ಬಿಡಿ. ಎರಡು ಬೆಳ್ಳಿ ಬಣ್ಣ, ಒಂದು ಕಪ್ಪು ಕಂಡರೆ ಆಕಾಶವೇನೂ ಬೀಳುವುದಿಲ್ಲ. ಕೇಬಲ್ ಇರುವ ಹಳೆಯ ಕಾರಿನ ಲೋಹದ ಪೆಡಲಾದರೆ ಹಗುರ ಪ್ಯಾಡು ಬೋಲ್ಟಿನಲ್ಲಿ ಕೂರಿಸಬಹುದು. ಭಾರದ್ದು ಬೇಡ, ವಾಪಸಾಗುವ ಸ್ಪ್ರಿಂಗ್ ಲೆಕ್ಕ ಹಾಕಿರುವುದು ಹಳೆಯ ತೂಕಕ್ಕೆ.

ಕವರ್ ಹಾಕಲು ಘಟಕ ಬಿಚ್ಚಲೇಬೇಕಾದರೆ ಇಗ್ನಿಷನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಕನೆಕ್ಟರ್ ಎಳೆಯಿರಿ. ಆನ್ ಇದ್ದಾಗ ಎಳೆದರೆ ಚೆಕ್ ಎಂಜಿನ್ ಲೈಟ್ ಹತ್ತಿ, ಕಾರಿನ ಕಂಪ್ಯೂಟರಿನಲ್ಲಿ ಪಿ2138ರಂಥ ದೋಷದ ಕೋಡ್ ದಾಖಲಾಗುತ್ತದೆ. ಪ್ಲಾಸ್ಟಿಕ್ ಹತ್ತಿರ ಲಾಕ್‌ಟೈಟ್ (ಬೋಲ್ಟ್ ಸಡಿಲವಾಗದಂತೆ ಎಳೆಗೆ ಹಚ್ಚುವ ಅಂಟು) ಬಳಸಬೇಡಿ, ಕೆಲವು ಪ್ಲಾಸ್ಟಿಕ್ ಅದು ತಾಗಿದರೆ ಬಿರಿಯುತ್ತದೆ.

ಮ್ಯಾಟಿನ ವಿಷಯ ಇಲ್ಲಿಯೇ ಬರುತ್ತದೆ. 2009ರಲ್ಲಿ ಅಮೆರಿಕದಲ್ಲಿ ಟೊಯೊಟಾ ಸುಮಾರು 38 ಲಕ್ಷ ಕಾರುಗಳನ್ನು ವಾಪಸ್ ಕರೆದದ್ದು ಆಕ್ಸಿಲರೇಟರ್ ಫ್ಲೋರ್ ಮ್ಯಾಟಿಗೆ ಸಿಕ್ಕಿಕೊಳ್ಳುವ ಅಪಾಯಕ್ಕಾಗಿ; ಪೆಡಲಿನ ಕೆಳತುದಿಯನ್ನು ಗಿಡ್ಡ ಮಾಡಿದ್ದು ಪರಿಹಾರದ ಒಂದು ಭಾಗವಾಗಿತ್ತು. ಉದ್ದದ ಸ್ಪೋರ್ಟ್ಸ್ ಪ್ಯಾಡ್ ಹಾಕಿ, ಕೆಳಗೆ ದಪ್ಪ 7ಡಿ ಮ್ಯಾಟ್ ಹಾಸಿದರೆ ನಾವು ಅದಕ್ಕೆ ಸರಿಯಾಗಿ ತಿರುಗುಮುರುಗು ಮಾಡಿದಂತೆ. ಪೂರ್ತಿ ಒತ್ತಿದಾಗ ಕೆಳತುದಿಗೂ ಮ್ಯಾಟಿಗೂ ಕನಿಷ್ಠ ಒಂದು ಬೆರಳು ತೂರಬೇಕು, ಮ್ಯಾಟನ್ನು ಮುಂದಕ್ಕೆ ಎಳೆದು ಹಿಡಿದಾಗಲೂ.

ಡೆಡ್ ಪೆಡಲ್‌ಗೆ ಸ್ಕ್ರೂ ಹಾಕುವವರು ಮೊದಲು ಕಾರ್ಪೆಟ್ ಎತ್ತಿ ಕೆಳಗೆ ವೈರಿಂಗ್ ಹೋಗಿದೆಯೇ ನೋಡಬೇಕು. ಉಳಿದದ್ದು ಸುಲಭ, ಇದೊಂದು ಕಡೆ ಒಳ್ಳೆಯ ಡಬಲ್ ಟೇಪ್ ಸಹ ನಡೆಯುತ್ತದೆ.

ರಸ್ತೆಗೆ ಇಳಿಯುವ ಮೊದಲು

ಕಾರಿನ ಹಿಂಭಾಗ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಇಗ್ನಿಷನ್ ಆನ್ ಮಾಡಿ. ಬ್ರೇಕ್ ಪೆಡಲ್ ತುಳಿದು ಬಿಟ್ಟಾಗ ಗೋಡೆಯ ಮೇಲಿನ ಕೆಂಪು ಬೆಳಕು ಆರಬೇಕು. ಆರದಿದ್ದರೆ ಪ್ಯಾಡು ಭಾರವಾಗಿದೆ ಅಥವಾ ಎಲ್ಲೋ ತಾಗುತ್ತಿದೆ, ಬ್ರೇಕ್ ಎಳೆದುಕೊಂಡೇ ಕಾರು ಓಡುತ್ತದೆ. ಪಾದವನ್ನು ಪೆಡಲಿನ ಕೆಳಗಿಟ್ಟು ಮೇಲಕ್ಕೆ ಎತ್ತಿ ನೋಡಿ, ಅದು ಇನ್ನೂ ಮೇಲೆ ಬಂದರೆ ಪೂರ್ತಿ ವಾಪಸಾಗುತ್ತಿಲ್ಲ ಎಂದರ್ಥ.

ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಹಾಕಿ, ಬ್ರೇಕನ್ನು ಬಲವಾಗಿ ಇಪ್ಪತ್ತು ಸಲ ತುಳಿಯಿರಿ: ಐದು ನಡುವೆ, ಐದು ಎಡ ಅಂಚಿನಲ್ಲಿ, ಐದು ಬಲ ಅಂಚಿನಲ್ಲಿ, ಐದು ಒದ್ದೆ ಶೂನಲ್ಲಿ. ಸದ್ದು, ಅಲುಗಾಟ ಯಾವುದೂ ಇರಬಾರದು. ಬೋಲ್ಟಿನ ತಲೆಗಳ ಮೇಲೆ ಉಗುರು ಎಳೆದು ನೋಡಿ, ಸಿಕ್ಕಿಕೊಂಡರೆ ಶೂವಿನ ಅಟ್ಟೆಯೂ ಸಿಕ್ಕಿಕೊಳ್ಳುತ್ತದೆ. ಮೊದಲು ಬರೆದಿಟ್ಟ ನಾಲ್ಕು ಅಳತೆಯನ್ನು ಮತ್ತೆ ತೆಗೆಯಿರಿ. ಇಷ್ಟಾದ ಮೇಲೆ ಬೆಳಗಿನ ಜಾವ ಬಡಾವಣೆಯ ಖಾಲಿ ರಸ್ತೆಯಲ್ಲಿ 30 ಕಿ.ಮೀ. ವೇಗದಿಂದ ಎರಡು ಮೂರು ಸಲ ಗಟ್ಟಿ ಬ್ರೇಕ್ ಹಾಕಿ ನೋಡಿ.

ಪ್ರತಿ ನಟ್ಟು ಮತ್ತು ಬೋಲ್ಟಿನ ಮೇಲೆ ಅಡ್ಡಲಾಗಿ ಒಂದು ಗೆರೆ ನೇಲ್ ಪಾಲಿಶ್ ಎಳೆದುಬಿಡಿ. ಗೆರೆ ಮುರಿದಿದ್ದರೆ ಸಡಿಲವಾಗಿದೆ, ಕೀಲಿ ಹಾಕಿ ನೋಡಬೇಕಿಲ್ಲ. ಮೊದಲ 100 ಕಿ.ಮೀ.ಗೆ ಒಮ್ಮೆ, ಆಮೇಲೆ 5,000 ಕಿ.ಮೀ.ಗೊಮ್ಮೆ ನೋಡಿದರೆ ಸಾಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮೊದಲು ಸಡಿಲವಾಗುವುದು ಬ್ರೇಕಲ್ಲ, ಕ್ಲಚ್. ಗುಂಡಿಗಳು ಮೊದಲು ಸವೆಯುವುದೂ ಅದರಲ್ಲೇ. ಗುಂಡಿ ಲೋಹದ ಮಟ್ಟಕ್ಕೆ ಬಂದರೆ ಬದಲಿಸಿ, ಬಿಡಿ ಗುಂಡಿ ಸಿಗದ ಸೆಟ್ಟಾದರೆ ಪ್ಯಾಡನ್ನೇ.

ವಾರಂಟಿ ಇರುವ ಕಾರಾದರೆ, ತಟ್ಟೆ ಕೊರೆದ ಮೇಲೆ ಪೆಡಲಿನ ದೂರಿಗೆ ಸರ್ವಿಸ್ ಸೆಂಟರ್ ಕೈ ಎತ್ತಬಹುದು. ವಾರಂಟಿ ಮುಗಿಯುವವರೆಗೆ ತೊಡಿಸುವ ಕವರೇ ಸರಿ. ಕಿತ್ತ ಹಳೆಯ ರಬ್ಬರ್‌ಗಳನ್ನು ಬಿಸಿಲು ತಾಗದ ಕಡೆ, ಸ್ಟೆಪ್ನಿಯ ಪಕ್ಕ ಒಂದು ಕವರಿನಲ್ಲಿ ಹಾಕಿಡಿ. ಕೊರೆದ ತಟ್ಟೆಯ ಮೇಲೂ ಅವು ಮೊದಲಿನಂತೆಯೇ ಕೂರುತ್ತವೆ, ತೂತು ಕಾಣುವುದಿಲ್ಲ. ದಾರಿಯಲ್ಲಿ ಪ್ಯಾಡ್ ಸಡಿಲವಾದರೆ 8ರ ಸ್ಪ್ಯಾನರ್, 3ರ ಅಲೆನ್ ಕೀಲಿ ಇದ್ದರೆ ಅಲ್ಲೇ ಬಿಚ್ಚಿ ರಬ್ಬರ್ ತೊಡಿಸಿ ಮನೆಗೆ ಬರಬಹುದು, ಆ ಎರಡನ್ನೂ ಅದೇ ಕವರಿಗೆ ಸೇರಿಸಿ.